ರಾತ್ರಿ ಹನ್ನೊಂದರ ಆ ಒಂದು ಸಾಲು

ಬೆಳಿಗ್ಗೆ ಆರೂಮುಕ್ಕಾಲಿಗೆ ಯಾರೋ ಬಾಗಿಲು ಬಡಿದರು. ಹಾಲಿನವನಿರಬೇಕು ಅಂತ ಪಾತ್ರೆ ಹಿಡಿದುಕೊಂಡೇ ಹೋಗಿ ತೆಗೆದರೆ, ಎದುರಿಗೆ ನಮ್ಮ ಟೀಮಿನ ಹುಡುಗ! ಮೊಳಕಾಲ್ಮೂರಿನಿಂದ ಮೊದಲ ಬಸ್ಸಿಗೇ ಚಳ್ಳಕೆರೆಗೆ ಬಂದಿದ್ದ. ಕಣ್ಣು ಕೆಂಪಗಾಗಿದ್ದವು. ಒಳಗೆ ಬಾರೋ ಅಂದರೆ ಬರಲೊಲ್ಲ. ಹೊಸ್ತಿಲಾಚೆಯೇ ನಿಂತು, "ಸಾರ್, ನನ್ನ ತೆಗೀತಿದಾರಾ?" ಅಂದ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಅವನೇ ಮೊಬೈಲ್ ತೋರಿಸಿದ. ಹಿಂದಿನ ರಾತ್ರಿ ಹನ್ನೊಂದಕ್ಕೆ ನಾನೇ ಕಳಿಸಿದ್ದ ವಾಟ್ಸಾಪ್ ಸಂದೇಶ. "ನಾಳೆ ಬೆಳಿಗ್ಗೆ ಮಾತಾಡಬೇಕು." ಅಷ್ಟೇ. ಕೊನೆಗೊಂದು ಪೂರ್ಣವಿರಾಮ.

ವಿಷಯ ಏನಿತ್ತು ಗೊತ್ತಾ? ಅವನು ಮಾಡಿದ ಕೆಲಸವನ್ನ ಕ್ಲೈಂಟ್ ಹೊಗಳಿದ್ದರು. ಅದನ್ನ ಬಾಯಾರೆ ಹೇಳೋಣ ಅಂತ ಇಟ್ಟುಕೊಂಡಿದ್ದೆ. ನಿದ್ದೆಗಣ್ಣಲ್ಲಿ ಒಂದು ಸಾಲು ಕುಟ್ಟಿ ಮಲಗಿದ್ದೆ. ಅವನಿಂದ ಒಂದು ಹೆಬ್ಬೆರಳಿನ ಚಿತ್ರ ಬಂದಿತ್ತು. ಸರಿ, ಹುಡುಗನಿಗೆ ಮುಟ್ಟಿತು ಅಂತ ನೆಮ್ಮದಿಯಾಗಿ ಗೊರಕೆ ಹೊಡೆದೆ. ಅವನು ಅಲ್ಲಿ ರಾತ್ರಿಯೆಲ್ಲ ಎದ್ದು ಕೂತಿದ್ದ.

ಇದು 2023ರ ಫೆಬ್ರವರಿ ಮಾತು. ಗೂಗಲ್ ಹನ್ನೆರಡು ಸಾವಿರ, ಮೈಕ್ರೋಸಾಫ್ಟ್ ಹತ್ತು ಸಾವಿರ ಜನರನ್ನ ತೆಗೆಯುವುದಾಗಿ ಹೇಳಿ ತಿಂಗಳಾಗಿತ್ತಷ್ಟೆ. ಲಾಕ್‌ಡೌನಿನಲ್ಲಿ ಊರಿಗೆ ಬಂದು ಇಲ್ಲಿಂದಲೇ ಬೆಂಗಳೂರಿನ ಕೆಲಸ ಮಾಡುತ್ತಿದ್ದ ನಮ್ಮಂಥವರಿಗೆಲ್ಲ ಒಳಗೊಳಗೇ ಪುಕಪುಕ. ಆಫೀಸಿನಲ್ಲಿದ್ದರೆ ಬಾಸಿನ ಮುಖ ನೋಡಿ, ಕಾಫಿ ಮೆಷೀನಿನ ಹತ್ತಿರ ನಾಲ್ಕು ಮಾತಾಡಿ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯಬಹುದಿತ್ತು. ಇಲ್ಲಿ ಇರುವುದು ಎರಡು ನೀಲಿ ಗೆರೆ, ಒಂದು ಪೂರ್ಣವಿರಾಮ. ಉಳಿದದ್ದನ್ನೆಲ್ಲ ನಮ್ಮ ಭಯವೇ ಬರೆದುಕೊಳ್ಳುತ್ತದೆ.

ಆಮೇಲೆ ಇದರ ಬಗ್ಗೆ ಒಂದಿಷ್ಟು ಹುಡುಕಿ ಓದಿದೆ. ಜಸ್ಟಿನ್ ಕ್ರುಗರ್, ನಿಕೋಲಸ್ ಎಪ್ಲಿ ಮತ್ತವರ ಜೊತೆಗಾರರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಕೆಲವು ವಾಕ್ಯಗಳನ್ನ ವ್ಯಂಗ್ಯವಾಗಿ, ಕೆಲವನ್ನ ನಿಜವಾಗಿ ಹೇಳಿಸಿದರು, ಒಮ್ಮೆ ಈಮೇಲಿನಲ್ಲಿ, ಒಮ್ಮೆ ದನಿಯಲ್ಲಿ. ನೂರಕ್ಕೆ 78ರಷ್ಟು ಸರಿಯಾಗಿ ಮುಟ್ಟುತ್ತೆ ಅಂತ ಕಳಿಸಿದವರ ಅಂದಾಜು. ದನಿಯಲ್ಲಿ 73 ಮುಟ್ಟಿತು, ಈಮೇಲಿನಲ್ಲಿ ಬರೀ 56. ನಾಣ್ಯ ಚಿಮ್ಮಿದರೂ 50 ಸಿಗುತ್ತಲ್ಲ ಮಾರಾಯ್ರೆ! ಬರೆಯುವಾಗ ನಮ್ಮ ದನಿ ನಮಗೆ ತಲೆಯೊಳಗೆ ಕೇಳಿಸುತ್ತಿರುತ್ತೆ, ಓದುವವನಿಗೂ ಕೇಳಿಸುತ್ತೆ ಅಂದುಕೊಂಡುಬಿಡುತ್ತೇವೆ.

ಹೆಬ್ಬೆರಳಿನ ಕಥೆಯೂ ಅಷ್ಟೇ. ಕೆನಡಾದ ಸಸ್ಕಾಚವಾನಿನಲ್ಲಿ ಒಬ್ಬ ರೈತ, ಅಗಸೆ ಮಾರಾಟದ ಕರಾರಿನ ಫೋಟೋಗೆ ಹೆಬ್ಬೆರಳು ಒತ್ತಿ ಕಳಿಸಿದ್ದ. 'ಬಂತು, ನೋಡಿದೆ' ಅನ್ನುವುದಕ್ಕಷ್ಟೇ ಹಾಕಿದ್ದು ಅಂದ. ಇಲ್ಲ, ಅದು ಒಪ್ಪಿಗೆಯೇ ಅಂತ 2023ರಲ್ಲಿ ಕೋರ್ಟು ತೀರ್ಪು ಕೊಟ್ಟು, 82 ಸಾವಿರ ಡಾಲರಿನ ಮೇಲೆ ಕಟ್ಟಿಸಿತು. ಎಣ್ಣೆ ಮಿಲ್ಲುಗಳ ಊರಾದ ನಮ್ಮ ಚಳ್ಳಕೆರೆಯಲ್ಲಿ ಇದನ್ನ ಹೇಳಿದರೆ ಶೇಂಗಾ ವ್ಯಾಪಾರದವರು ಇನ್ನು ಮೊಬೈಲ್ ಮುಟ್ಟುವುದಿಲ್ಲವೇನೋ :-)

ಅದಿರ್ಲಿ. ತಪ್ಪಿತಸ್ಥ ಭಾವನೆ ಕಾಡುತ್ತಿತ್ತಲ್ಲ, ಆ ಭಾನುವಾರ ಬೈಕ್ ಹತ್ತಿ ಅವನ ಮನೆಗೆ ಹೋದೆ. ತರಾಸು ಅವರ ಮನೆತನದ ತಳಕು ದಾಟಿ ಬಳ್ಳಾರಿ ರಸ್ತೆ, ಹಾನಗಲ್ ಹತ್ತಿರ ತಿರುಗಿದರೆ ಮೊಳಕಾಲ್ಮೂರು. ಅವನಪ್ಪ ರೇಷ್ಮೆ ಸೀರೆ ನೇಯುವವರು. ನಾನು ಹೋದಾಗ ವ್ಯಾಪಾರಿಯೊಬ್ಬರು ಮೊಬೈಲಿಗೆ ಅಂಚಿನ ಬಣ್ಣದ ಫೋಟೋ ಕಳಿಸಿದ್ದರು. ಈ ಹಿರಿಯರು ನೋಡಿದರು, ಪಕ್ಕಕ್ಕಿಟ್ಟರು, ಫೋನ್ ಮಾಡಿದರು. ಮಗಳ ಜ್ವರ ಬಿಡ್ತಾ, ಊಟ ಆಯ್ತಾ, ಯಾರ ಮನೆಯಲ್ಲಿ ಮದುವೆ... ಐದು ನಿಮಿಷ ಇದೇ. ಬಣ್ಣದ ಮಾತು ಅರ್ಧ ನಿಮಿಷ. ಇದೆಂಥ ಟೈಮ್ ವೇಸ್ಟು ಅಂತ ನನ್ನ ಆಫೀಸ್ ಬುದ್ಧಿಗೆ ಅನ್ನಿಸಿದ್ದು ಸುಳ್ಳಲ್ಲ. ಫೋನಿಟ್ಟು ಅವರೆಂದರು: "ಫೋಟೋದಾಗ ಒಂದು ಬಣ್ಣ, ಬಿಸಿಲಾಗ ಒಂದು ಬಣ್ಣ. ಕೇಳಿಕೊಂಡೇ ನೂಲು ಹಾಕ್ಬೇಕು. ಮತ್ತೆ ಈ ಸಲ ದುಡ್ಡು ತಡ ಆಗುತ್ತೆ ಕಣಪ್ಪ." ಅವರು ಹೇಳಿದರಾ ಅಂತ ಕೇಳಿದೆ. "ಹೇಳ್ಲಿಲ್ಲ. ದನಿ ಹಂಗಿತ್ತು."

ಮಧ್ಯಾಹ್ನ ಊಟವಾದ ಮೇಲೆ ಹುಡುಗ ನನ್ನನ್ನ ಸಿದ್ದಾಪುರದ ಹತ್ತಿರದ ಬ್ರಹ್ಮಗಿರಿಗೆ ಕರೆದುಕೊಂಡು ಹೋದ. 1892ರಲ್ಲಿ ಬಿ.ಎಲ್. ರೈಸ್ ಪತ್ತೆಮಾಡಿದ ಅಶೋಕನ ಶಾಸನ ಅಲ್ಲಿದೆ. ಧರ್ಮೋಪದೇಶ ಅಂತಷ್ಟೇ ಸ್ಕೂಲಲ್ಲಿ ಓದಿದ್ದೆ. ಆದರೆ ಅದರ ಶುರು ನೋಡಿ, ಶುದ್ಧ ಆಫೀಸ್ ಪತ್ರ! ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಮೊದಲು ಅವರ ಆರೋಗ್ಯ ವಿಚಾರಿಸಬೇಕು, ಆಮೇಲೆ ರಾಜನ ಮಾತು ಹೇಳಬೇಕು ಅಂತ ಅದರಲ್ಲೇ ಇದೆ. ಉತ್ತರದ ಎಷ್ಟೋ ಕಡೆ ಕೆತ್ತಿದವರು ಈ ಕ್ಷೇಮ ಸಮಾಚಾರವನ್ನ ಕೈಬಿಟ್ಟು ರಾಜನ ಮಾತನ್ನಷ್ಟೇ ಹಾಕಿದ್ದಾರೆ. ನಮ್ಮ ಕಡೆಯವರು ಮುನ್ನುಡಿ ಸಮೇತ ಬಂಡೆಗೇರಿಸಿಬಿಟ್ಟಿದ್ದಾರೆ, ಫಾರ್ವರ್ಡ್ ಮಾಡುವಾಗ ಮೇಲಿನ ಸಾಲು ಅಳಿಸುವುದನ್ನ ಮರೆತ ಹಾಗೆ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನ ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಅನ್ನೋ ಮಾತನ್ನ ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ದಿಕ್ಕಿನ ಲಿಪಿ. ಪಾಪ, ಅಷ್ಟು ದೂರದಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆಗಿದ್ದನೇನೋ.

ಬಂಡೆಯ ಪಕ್ಕ ನಿಂತು ಹುಡುಗ ನಕ್ಕ. "ಸಾರ್, ಆರೋಗ್ಯ ಕೇಳಿದ್ರೆ ನಿದ್ದೆ ಬಂದಿರ್ತಿತ್ತು." ನಾನೂ ನಕ್ಕೆ, ಆದರೆ ಸರಿಯಾಗಿ ಚುಚ್ಚಿತು.

ಅವತ್ತಿಂದ ರಾತ್ರಿ ಮೆಸೇಜು ಬಿಟ್ಟಿದ್ದೇನೆ. ಹಗಲಲ್ಲಿ ಕಳಿಸಿದರೂ ಯಾವ ವಿಷಯ ಅಂತ ಮೊದಲ ಸಾಲಲ್ಲೇ ಬರೆಯುತ್ತೇನೆ. ಒಮ್ಮೊಮ್ಮೆ ಮರೆಯುತ್ತೇನೆ ಕೂಡ. ಮೊನ್ನೆ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಗೆ, "ನಮಸ್ಕಾರ, ಹೇಗಿದ್ದೀರಿ? ಮನೆಯಲ್ಲಿ ಎಲ್ಲ ಆರಾಮಾ?" ಅಂತ ಶುರು ಮಾಡಿದೆ. ಎರಡು ನೀಲಿ ಗೆರೆ ಬಂದವು. ಮೂರು ನಿಮಿಷ ಏನೂ ಇಲ್ಲ. ಆಮೇಲೆ ಉತ್ತರ ಬಂತು:

"ಸಾರ್, ಏನಾಯ್ತು? ಏನಾದ್ರೂ ಪ್ರಾಬ್ಲಮ್ಮಾ?"

ಫೋನ್ ಮಾಡಿದೆ.