ಗ್ರಹಣ ಹಿಡಿದದ್ದಲ್ಲ ಅಮ್ಮಾ...

2020ರ ಫೆಬ್ರವರಿ 6. ಮಂಗಳೂರಿನಿಂದ 40 ದಿನದ ಮಗುವೊಂದನ್ನು ಹೃದಯದ ಆಪರೇಶನ್ನಿಗೆ ಅಂತ ಆಂಬುಲೆನ್ಸಿನಲ್ಲಿ ಬೆಂಗಳೂರಿನ ಜಯದೇವಕ್ಕೆ ಕರೆದೊಯ್ದದ್ದು ನಿಮಗೂ ನೆನಪಿರಬಹುದು. ದಾರಿಯುದ್ದಕ್ಕೂ ಜನ ರಸ್ತೆ ಬಿಟ್ಟುಕೊಟ್ಟಿದ್ದರು. ತೊಕ್ಕೊಟ್ಟಿನ ಮನೆಯಲ್ಲಿ ನಾನು, ಅಮ್ಮ ಮೊಬೈಲಿನಲ್ಲಿ ಅದನ್ನೇ ನೋಡುತ್ತಾ ಕೂತಿದ್ದೆವು.

"ನಮ್ಮ ಮಗುವೂ ನೀಲಿಯಾಗಿತ್ತು" ಅಂದಳು ಅಮ್ಮ, ಇದ್ದಕ್ಕಿದ್ದಂತೆ.

ನನಗಿಂತ ಮುಂಚೆ ಹುಟ್ಟಿದ ಅಣ್ಣ. 1980ರ ಜೂನ್, ಜೋರು ಮಳೆ. ಎರಡನೇ ದಿನ ತುಟಿ, ಉಗುರು ನೀಲಿ. ಚಳಿಗೆ ಇರಬೇಕು ಅಂತ ಬೆಚ್ಚಗೆ ಸುತ್ತಿದರಂತೆ. ಐದನೇ ದಿನ ಹೋಯಿತು. ಆ ವರ್ಷ ಫೆಬ್ರವರಿ 16ಕ್ಕೆ ದೊಡ್ಡ ಸೂರ್ಯಗ್ರಹಣ. ಐದು ತಿಂಗಳ ಬಸುರಿ ಅಮ್ಮ ಒಣಗಿದ ಬಟ್ಟೆ ತೆಗೆಯಲು ಅಂಗಳಕ್ಕೆ ಇಳಿದಿದ್ದಳಂತೆ. ಅಷ್ಟೇ ಸಾಕಾಯಿತು, 'ಗ್ರಹಣ ಹಿಡಿದ ಮಗು' ಅಂತ ಮನೆಯವರೇ ತೀರ್ಪು ಕೊಟ್ಟರು. ಅಮ್ಮ ಅದನ್ನು 40 ವರ್ಷ ಹೊತ್ತುಕೊಂಡೇ ಇದ್ದಳು ಅಂತ ನನಗೆ ಗೊತ್ತಾದದ್ದು ಅವತ್ತು.

ಮರುದಿನ ಒಂದಿಷ್ಟು ಓದಿ, ಕಾಗದದಲ್ಲಿ ಚಿತ್ರ ಬಿಡಿಸಿ ತೋರಿಸಿದೆ. ಕೆಲವು ಮಕ್ಕಳಲ್ಲಿ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳೇ ಅದಲುಬದಲಾಗಿರುತ್ತವೆ. ಶ್ವಾಸಕೋಶದ ಶುದ್ಧ ರಕ್ತ ಪುನಃ ಶ್ವಾಸಕೋಶಕ್ಕೇ ಹೋಗುತ್ತದೆ, ಮೈಯ ಅಶುದ್ಧ ರಕ್ತ ಪುನಃ ಮೈಗೇ. ಹೊಟ್ಟೆಯಲ್ಲಿದ್ದಾಗಿನ ಒಂದು ಸಣ್ಣ ನಾಳ ತೆರೆದಿದ್ದರೆ ಎರಡೂ ಸ್ವಲ್ಪ ಬೆರೆಯುತ್ತವೆ. ಆದರೆ ಹುಟ್ಟಿದ ಕೆಲವು ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಈಗ ಪ್ರೊಸ್ಟಗ್ಲಾಂಡಿನ್ ಔಷಧಿ ಕೊಟ್ಟು ಅದನ್ನು ತೆರೆದಿಡುತ್ತಾರೆ, ಆಮೇಲೆ ದೊಡ್ಡ ನಾಳಗಳನ್ನು ಕತ್ತರಿಸಿ ಸರಿಯಾದ ಜಾಗಕ್ಕೆ ಹೊಲಿಯುತ್ತಾರೆ. ಹೃದಯಕ್ಕೇ ರಕ್ತ ಕೊಡುವ ನೂಲಿನಂಥ ನಾಳಗಳನ್ನೂ ಬಿಡಿಸಿ ಕೂರಿಸಬೇಕು. ಬ್ರೆಜಿಲ್‌ನ ಡಾ. ಜಟೆನೆ ಇದನ್ನು ಮೊದಲು ಯಶಸ್ವಿಯಾಗಿ ಮಾಡಿದ್ದು 1975ರಲ್ಲಿ. ನಮ್ಮ ಕಿನ್ನಿಗೋಳಿಯ ಡಾ. ದೇವಿ ಶೆಟ್ಟರು ಕಲ್ಕತ್ತೆಯಲ್ಲಿ 9 ದಿನದ ಮಗುವಿನ ಹೃದಯದ ಆಪರೇಶನ್ ಮಾಡಿದ್ದು 1992ರಲ್ಲಿ.

"ನಮ್ಮ ಮಗುವಿಗೂ ಇದೇ ಇದ್ದದ್ದಾ?"

"ಗೊತ್ತಿಲ್ಲಮ್ಮ, ಯಾರೂ ನೋಡಿಲ್ಲ. ಆದರೆ ಹೃದಯ ರೂಪುಗೊಳ್ಳುವುದು ಮೊದಲ ಎರಡು ತಿಂಗಳಲ್ಲಿ. ಗ್ರಹಣದ ದಿನ ನಿನಗೆ ಐದು."

ಅಮ್ಮ ಬೆರಳು ಮಡಚಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಆಮೇಲೆ ಆ ಕಾಗದವನ್ನು ಮಡಚಿ ತನ್ನ ಕಪಾಟಿನಲ್ಲಿಟ್ಟು ಚಾ ಮಾಡಲು ಹೋದಳು.

ನಿಮ್ಮಲ್ಲಿ ಪುಟ್ಟ ಮಗುವಿನ ತುಟಿ, ನಾಲಿಗೆ ನೀಲಿ ಕಂಡರೆ ಚಳಿ ಅಂತ ಕೂರಬೇಡಿ ಮಾರಾಯ್ರೆ. ಕೂಡಲೇ ಆಸ್ಪತ್ರೆಗೆ ಓಡಿ. ಕೈಗೆ, ಕಾಲಿಗೆ ಆಕ್ಸಿಮೀಟರ್ ಇಟ್ಟು ನೋಡಲು ಕೆಲವೇ ನಿಮಿಷ ಸಾಕು.

ತಾಯಿಯನ್ನು ಮಾತ್ರ ದೂರಬೇಡಿ.