ಡಿಫರೆನ್ಸಲ್ ಕೂಗಿದಾಗ

ಕೂಡಲಸಂಗಮ ಕ್ರಾಸಿನಿಂದ ಹುನಗುಂದ, ಇಳಕಲ್ಲಿನತ್ತ ಓಡುವ ಪಿಕಪ್ ಗಾಡಿಗಳನ್ನು ನಾನು ಕಣ್ಣಿಗಿಂತ ಕಿವಿಯಿಂದಲೇ ಹೆಚ್ಚು ಗುರುತಿಸುವವನು. ಉಳ್ಳಾಗಡ್ಡಿ ಚೀಲವೋ, ಇಳಕಲ್ಲಿನ ಕೆಂಪು ಗ್ರಾನೈಟೋ, ಕಾನೂನಿನ ಕಣ್ತಪ್ಪಿಸಿ ಹತ್ತಿದ ಜಾತ್ರೆಯ ಜನವೋ, ಹೇರು ಯಾವುದೇ ಇರಲಿ, ವಯಸ್ಸಾದ ಗಾಡಿಯ ಹಿಂದಿನ ಗಾಲಿಗಳ ನಡುವಿನಿಂದ ಗುಂಯ್ ಎಂಬ ಸದ್ದೊಂದು ಹೊರಡುತ್ತದೆ. ಆ್ಯಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ದನಿ ಬದಲಿಸುತ್ತದೆ. ‘ಡಿಫರೆನ್ಸಲ್ ಕೂಗಾಕತ್ತೈತ್ರಿ’ ಎಂದು ಡ್ರೈವರ್ ಹೇಳಿದ ದಿನ ಮಾಲೀಕನ ಮುಂದೆ ಎರಡು ದಾರಿ: ಇದ್ದ ಹೌಸಿಂಗನ್ನೇ (ಡಿಫರೆನ್ಸಲ್ ಕೂತ ಅಚ್ಚಿನ ಕವಚವನ್ನೇ) ಬಿಚ್ಚಿ ರಿಪೇರಿ ಮಾಡಿಸುವುದು, ಇಲ್ಲವೇ ಗುಜರಿಯಿಂದ ಇಡೀ ಸೆಟ್ಟು ತಂದು ಕೂಡಿಸುವುದು. ‘ಎತ್ತಿ ಒಗೀರಿ, ಬ್ಯಾರೇದು ಹಾಕೂಣು’ ಎನ್ನುವ ಮಿಸ್ತ್ರಿಗಳೇ ಹೆಚ್ಚು. ನನ್ನ ವಾದ ಅದಕ್ಕೆ ತಿರುವುಮುರುವು. ಹೌಸಿಂಗ್ ಬಾಗದೆ, ಬಿರುಕು ಬಿಡದೆ ನೆಟ್ಟಗಿದ್ದರೆ ಇದ್ದುದನ್ನೇ ಕಟ್ಟಿಸಬೇಕು.

ಚಕ್ಕಡಿಯನ್ನು ನೋಡಿ ಪಿಕಪ್ಪಿಗೆ ಬಂದ ತಲೆಮಾರಿನವನಾದ್ದರಿಂದ ಈ ವಾದ ನನಗೆ ಸಹಜವಾಗಿ ಒದಗಿತೇನೋ. ಚಕ್ಕಡಿಯ ಅಚ್ಚು ತಾನು ತಿರುಗುವುದಿಲ್ಲ; ಗಾಲಿಗಳು ಅದರ ಸುತ್ತ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಿದರೂ ತಕರಾರಿಲ್ಲ. ಗಾಲಿಯನ್ನು ಎಂಜಿನ್ನೇ ತಿರುಗಿಸತೊಡಗಿದಾಗ ತೊಡಕು ಶುರುವಾಯಿತು. ಎರಡೂ ಗಾಲಿಗೆ ಬಲ ಹೋಗಬೇಕು, ಆದರೆ ವೇಗ ಒಂದೇ ಆಗಿರಬಾರದು. ಇದಕ್ಕೆ ಡಿಫರೆನ್ಶಿಯಲ್ಲಿನ ಪರಿಹಾರ ಹೂಡಿ 1827ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ಗಡಿಯಾರ ಕೆಲಸದವ ಒನೆಸಿಫೋರ್ ಪೆಕ್ಯೂರ್. ಅವನ ಮನಸ್ಸಿನಲ್ಲಿದ್ದದ್ದು ಉಗಿಬಂಡಿ. ನಮ್ಮ ನೆಲಕ್ಕೆ ಡಿಫರೆನ್ಶಿಯಲ್ಲನ್ನು ಪರಿಚಯಿಸಿದ್ದರಲ್ಲಿ ಮಹೀಂದ್ರ ಕಂಪನಿ 1947ರಿಂದ ತಂದ ವಿಲ್ಲಿಸ್ ಜೀಪಿನ ಪಾಲೂ ಇದೆ. ಪಾಟಾದ (ಲೀಫ್ ಸ್ಪ್ರಿಂಗಿನ) ಮೇಲೆ ಕೂತ ಗಟ್ಟಿ ಅಚ್ಚು, ನಡುವೆ ಗುಂಡನೆಯ ಹೊಟ್ಟೆ: ಇಂದಿನ ಪಿಕಪ್ಪಿನ ಹಿಂಭಾಗವೂ ಅದೇ ಮನೆತನದ್ದು. ಆ ಹೊಟ್ಟೆಯೊಳಗಿನ ಬೇರಿಂಗ್, ಸೀಲು, ಕ್ರೌನ್ ಎಂಬ ದೊಡ್ಡ ಗೇರು, ಅದನ್ನು ತಿರುಗಿಸುವ ಶಾಫ್ಟಿನ ಗೇರು ಪಿನಿಯನ್ ಎಲ್ಲವೂ ಸವೆಯಲೆಂದೇ ಇರುವ ಸಾಮಾನು. ಚಕ್ಕಡಿಯ ಹಳಿ ಸಡಿಲವಾದರೆ ಹಳಿ ಕಟ್ಟಿಸುತ್ತಿದ್ದರೇ ಹೊರತು ಅಚ್ಚನ್ನು ಒಲೆಗೆ ಹಾಕುತ್ತಿರಲಿಲ್ಲ.

ಸವೆತಕ್ಕೂ ಒಂದು ಚರಿತ್ರೆ ಇರುತ್ತದೆ, ಗುಜರಿಯ ಅಚ್ಚು ಹೇಳದೆ ಮುಚ್ಚಿಡುವುದು ಅದನ್ನೇ. ದೂರದಿಂದ ಬಂದ ಗಾಡಿಯನ್ನು ಮಹಾನವಮಿಯ ಪೂಜೆಗೆಂದು ನೇರವಾಗಿ ಹೊಳೆಗೋ ಬಸವಸಾಗರದ ಹಿನ್ನೀರಿಗೋ ಇಳಿಸುತ್ತಾರೆ. ಕಾದ ಹೌಸಿಂಗ್ ತಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ ಕೊಳವೆಯಿಂದಲೂ ಹಳೆಯ ಸೀಲಿನಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳು ಕಳೆದು ಬೋಲ್ಟು ಬಿಚ್ಚಿದರೆ ಆಯಿಲ್ಲು ಹಾಲು ಬೆರೆತ ಚಹಾದಂತೆ ಸುರಿಯುತ್ತದೆ. ಗಾಡಿಗೆ ಮಾಡಿದ ಪೂಜೆ ಬೇರಿಂಗಿಗೆ ಮುಟ್ಟುವುದು ಹೀಗೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಬಾದಾಮಿ, ಹುನಗುಂದ ತಾಲ್ಲೂಕುಗಳ ಊರುಗಳಿಗೆ ನುಗ್ಗಿದಾಗಿನಂತೆ ಗಾಡಿ ನಿಂತಲ್ಲೇ ನೆರೆನೀರಿಗೆ ಸಿಕ್ಕರಂತೂ ಹೇಳುವುದೇ ಬೇಡ. ಇನ್ನು ಎರೆಭೂಮಿ. ಮಳೆಗಾಲದಲ್ಲಿ ಹುಗಿದ ಒಂದು ಗಾಲಿ ಗರಗರ ತಿರುಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಡ್ರೈವರ್ ರೇಸು ಏರಿಸುತ್ತಲೇ ಇರುತ್ತಾನೆ. ತಿರುಗುವ ಗಾಲಿಗೆ ಫಕ್ಕನೆ ಕಲ್ಲು ಸಿಕ್ಕು ಹಿಡಿತ ಬಂದ ಕ್ಷಣ ಪೆಟ್ಟು ಬೀಳುವುದು ಒಳಗಿನ ಚಿಕ್ಕ ಗೇರುಗಳಿಗೆ. ನಿಮ್ಮ ಗಾಡಿ ಇದನ್ನೆಲ್ಲ ಎಷ್ಟು ಉಂಡಿದೆ ಎಂಬುದು ನಿಮಗೆ ಗೊತ್ತು. ಗುಜರಿಯದ್ದರ ಪುರಾಣ ಬಲ್ಲವರಾರು?

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಹಗುರಾಗಿ ತಳ್ಳಲಾರೆ. ಕ್ರೌನ್-ಪಿನಿಯನ್ ಕೂಡಿಸಲು ನುರಿತ ಕೈ ಬೇಕು. ಅವು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದ ಗೇರುಗಳು. ಒಂದನ್ನು ಉಳಿಸಿ ಇನ್ನೊಂದನ್ನು ಹೊಸದು ಹಾಕಿದರೆ ಕೂಗು ಮತ್ತೆ ಬರುತ್ತದೆ. ಜೋಡಿ ತಂದರೂ ಅವುಗಳ ಕೂರುವಿಕೆ ಹೊಂದಿಸುವ ತೆಳು ತಗಡಿನ, ಅಂದರೆ ಶಿಮ್ಮಿನ ದಪ್ಪ ಕೂದಲೆಳೆಯಷ್ಟು ತಪ್ಪಿದರೆ ಹಲ್ಲಿನ ಅಂಚಿಗೇ ಭಾರ. ಆದರೆ ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಮಾಲೀಕನೇನೂ ಎಂಜಿನಿಯರ್ ಆಗಬೇಕಿಲ್ಲ. ಕ್ರೌನಿನ ಹಲ್ಲಿಗೆ ಸಿಂಧೂರ ಕಲಸಿ ಸವರಿ (ಹನುಮಪ್ಪನಿಗೆ ಬಳಿಯುತ್ತ ಬಂದ ಅದೇ ಸೀಸದ ಕೆಂಪು) ಕೈಯಿಂದ ತಿರುಗಿಸಿದರೆ, ಪಿನಿಯನ್ ತಾಗಿದ ಕಡೆ ಬಣ್ಣ ಅಳಿದು ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಇರಬೇಕು. ತುದಿಗೋ ಬುಡಕ್ಕೋ ಸರಿದಿದ್ದರೆ ಶಿಮ್ ಬದಲಿಸಬೇಕು. ಇದನ್ನು ತೋರಿಸಿಯೇ ಮುಚ್ಚುವ ಮಿಸ್ತ್ರಿ ಸಿಗದ ಊರಿನಲ್ಲಿ ನನ್ನ ವಾದ ಅರ್ಧ ಸೋತಂತೆಯೇ. ಸುಗ್ಗಿಯ ದಿನಗಳಲ್ಲಿ ಗಾಡಿ ನಿಂತರೆ ಬಾಡಿಗೆ ಹೋಯಿತು ಎಂಬ ಮಾತಿಗೆ ಅಷ್ಟು ಬೆಲೆ ಕೊಡಲಾರೆ. ಕೂಗು ಒಂದೇ ದಿನದಲ್ಲಿ ಹುಟ್ಟುವುದಿಲ್ಲ, ಸುಗ್ಗಿಗೆ ಮೊದಲೇ ಎಚ್ಚರಿಸಿರುತ್ತದೆ.

ದೊಡ್ಡ ಗಾಡಿಯ ಅಚ್ಚು ತಂದು ಹಾಕಿದರೆ ಕಲ್ಲು ಹೆಚ್ಚು ಹೇರಬಹುದೆಂಬ ಆಸೆಯೂ ಇದೆ. ಪಿನಿಯನ್ನಿಗೆ 8, ಕ್ರೌನಿಗೆ 39 ಹಲ್ಲಿದ್ದರೆ ಗಾಲಿಯ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 4.875 ಸುತ್ತು ತಿರುಗುತ್ತದೆ. ಕ್ರೌನಿಗೆ 43 ಆದರೆ 5.375. ಲೆಕ್ಕ ಇಷ್ಟು ಬದಲಾದರೆ ಎಳೆತ ಹೆಚ್ಚಿದರೂ ಅದೇ ವೇಗಕ್ಕೆ ಎಂಜಿನ್ ಹೆಚ್ಚು ದುಡಿಯಬೇಕು, ಡೀಸೆಲ್ಲು ಸುಡಬೇಕು. ಗಾಲಿಗಳ ಅಂತರ, ಪಾಟಾದ ಕೂರುವಿಕೆ, ಬ್ರೇಕು, ಹ್ಯಾಂಡ್‌ಬ್ರೇಕ್ ಕೇಬಲ್ಲು ಯಾವುದೂ ತಾನಾಗಿ ಹೊಂದದು. ಎಲ್ಲ ಹೊಂದಿಸಿದರೂ ಚಾಸಿ ಹಳೆಯದೇ, ಆರ್‌ಸಿಯಲ್ಲಿ ಬರೆದ ತೂಕವೂ ಹಳೆಯದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯ ವಿವರ ಕಂಪನಿಯ ಮೂಲ ವಿವರಕ್ಕೆ ತಾಳೆಯಾಗದಂಥ ಮಾರ್ಪಾಟನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿನ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ಬೇರೆ. ಉಳಿದ ಬಾಡಿಗೆ ಅಲ್ಲಿಗೆ ಹೋಗುತ್ತದೆ.

ಹೌಸಿಂಗ್ ಬಾಗಿದ್ದರೆ, ಬೇರಿಂಗ್ ಕೂರುವ ಜಾಗವೇ ತಿರುಗಿ ಸಡಿಲಾಗಿದ್ದರೆ ಮಾತ್ರ ನಾನೂ ಗುಜರಿಯ ಪಕ್ಷ. ಬಾಗಿದ್ದರ ಸುಳಿವು ಟೈರೇ ಕೊಡುತ್ತದೆ: ಹಿಂದಿನ ಟೈರು ಒಂದೇ ಅಂಚಿಗೆ ಸವೆದಿರುತ್ತದೆ. ಆಗ ಅದೇ ಮಾಡೆಲ್ಲಿನದು, ಅದೂ ಎದುರಿನಿಂದ ಗುದ್ದಿಕೊಂಡು ಗುಜರಿಗೆ ಬಂದ ಗಾಡಿಯದು ಹುಡುಕಬೇಕು. ಎಂಜಿನ್ ನುಜ್ಜಾದರೂ ಹಿಂದಿನ ಅಚ್ಚಿಗೆ ಪೆಟ್ಟು ತಾಗದೆ ಉಳಿದಿರುವ ಸಂಭವ ಹೆಚ್ಚು. ದುಡ್ಡು ಎಣಿಸುವ ಮೊದಲು ಅಲ್ಲೇ ಡ್ರೈನ್ ಬೋಲ್ಟು ಬಿಚ್ಚಿಸಿ, ಆಯಿಲ್ಲನ್ನು ಅಂಗೈಗೆ ಹಿಡಿದು ಬಿಸಿಲಿಗೆ ಒಡ್ಡಬೇಕು. ಬೆರಳಿಗೆ ಹತ್ತುವ ಕಪ್ಪು ಹಿಟ್ಟು ಸವೆತದ್ದು, ಅದು ಇರುವಂಥದೇ. ಮಿನುಗುವ ಚೂರು ಕಂಡರೆ ಬೋಲ್ಟು ತಿರುಗಿ ಬಿಗಿಸಿ ಮುಂದಿನ ಅಂಗಡಿಗೆ ನಡೆಯಬೇಕು.