ವಸ್ತಿ ಬಸ್ಸಿನ ಹೊತ್ತು

ಸರಿಯಾದ ಹೊತ್ತಿಗೆ ಬರುವವರನ್ನು ಕಂಡರೆ ನನಗೆ ಗೌರವವೂ ಇದೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಹತ್ತು ಗಂಟೆಯ ತರಗತಿಗೆ ಇನ್ನೂ ಐದು ನಿಮಿಷವಿರುವಾಗ ಬಂದು, ಬೆವರಿಲ್ಲದ ಮುಖದಿಂದ ಬೆಂಚಿನ ಮೇಲೆ ಕೂಡುವ ಗೆಳತಿಯರು ನನಗೆ ಬೇರೆ ಲೋಕದವರಂತೆ ತೋರುತ್ತಾರೆ. ಗದಗಿನಲ್ಲಿಯೋ ಬೆಟಗೇರಿಯಲ್ಲಿಯೋ ಮನೆಯಿದ್ದವರಿಗೆ ಅದು ಸಾಧ್ಯ. ನಾನು ಮುಂಡರಗಿಯ ಆಚೆ, ತುಂಗಭದ್ರೆಯ ದಿಕ್ಕಿಗಿರುವ ಒಂದು ಹಳ್ಳಿಯವಳು. ನನ್ನ ಪಾಲಿಗೆ ಹೊತ್ತು ಎಂಬುದು ಎರಡೇ ಬಗೆ: ಒಂದು ಬೇಗ, ಇನ್ನೊಂದು ತಡ. ಇವೆರಡರ ನಡುವಿನದೊಂದು ಇದೆಯೆಂದು ಕೇಳಿ ಬಲ್ಲೆ, ಕಂಡಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ನಮ್ಮೂರಿಗೆ ಒಂದು ವಸ್ತಿ ಬಸ್ಸು ಇದೆ. ಸಂಜೆ ಏಳರ ಸುಮಾರಿಗೆ ಬಂದು, ಹನುಮಪ್ಪನ ಗುಡಿಯ ಮುಂದೆ ನಿಂತು, ರಾತ್ರಿಯೆಲ್ಲ ಅಲ್ಲಿಯೇ ವಸ್ತಿ ಮಾಡಿ, ಮುಂಜಾನೆ ಆರೂವರೆಗೆ ಗದಗಿಗೆ ಹೊರಡುತ್ತದೆ. ಅದು ತಪ್ಪಿತೋ, ಮುಂದಿನದು ಹತ್ತೂವರೆಗೆ. ಮೊದಲನೆಯದರಲ್ಲಿ ಹೋದರೆ ಎಂಟೂವರೆಗೆ ಗದಗು. ಕಾಲೇಜಿನ ಗೇಟು ಆಗ ತಾನೇ ತೆರೆದಿರುತ್ತದೆ, ಕಸ ಗುಡಿಸುವ ಅಕ್ಕನ ಹೊರತು ಅಲ್ಲಿ ಯಾರೂ ಇರುವುದಿಲ್ಲ. ಎರಡನೆಯದರಲ್ಲಿ ಹೋದರೆ ಮಧ್ಯಾಹ್ನ ಹನ್ನೆರಡೂವರೆ. ಗುರುಗಳು ಎರಡು ಪಾಠ ಮುಗಿಸಿ ಮೂರನೆಯದಕ್ಕೆ ಕೈ ಹಾಕಿರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ನಮ್ಮಂಥ ಹೆಣ್ಣುಮಕ್ಕಳಿಗೆ ಬಸ್ಸಿನ ಹಣ ಉಳಿದಿದೆ, ನಾನು ಬಿ.ಎ. ಮೂರನೆಯ ವರ್ಷದವರೆಗೆ ಬಂದದ್ದಕ್ಕೆ ಅದೂ ಒಂದು ಕಾರಣ. ಆದರೆ ಹಣವನ್ನು ಮಾಫಿ ಮಾಡಿದಂತೆ ಹೊತ್ತನ್ನು ಮಾಫಿ ಮಾಡಲು ಯಾರಿಂದಲೂ ಆಗದು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಈ ಮೂರು ಊರುಗಳಿಗೂ ರೈಲಿಲ್ಲ. 1997ರಲ್ಲಿ ಗದಗು ಜಿಲ್ಲೆಯಾದ ಮೇಲೆ ನಮಗೆ ಧಾರವಾಡದ ದಾರಿ ಸವೆಸುವುದು ತಪ್ಪಿತು, ನಿಜ. ಆದರೂ ದೊಡ್ಡ ಕಚೇರಿಗೆ, ದೊಡ್ಡ ದವಾಖಾನೆಗೆ, ಕಾಲೇಜಿಗೆ ಗದಗೇ ಗತಿ. ಗದಗಿಗೆ ಬಸ್ಸೇ ಗತಿ.

ನಮ್ಮಪ್ಪ ತಡಕ್ಕೆ ಬಹಳ ಅಂಜುವ ಮನುಷ್ಯ. ಆರೂವರೆಯ ಬಸ್ಸಿಗೆ ಐದೂವರೆಗೇ ಗುಡಿಯ ಕಟ್ಟೆಯ ಮೇಲೆ ಇರುತ್ತಾನೆ. ಡ್ರೈವರ್ ಎದ್ದು ಮುಖ ತೊಳೆಯುವುದಕ್ಕೆ ನೀರು ಕೊಡುವವನು ಎಷ್ಟೋ ಸಲ ಅವನೇ. "ಅಷ್ಟು ಲಗೂನ ಯಾಕಪ್ಪಾ?" ಎಂದರೆ, "ನಾವು ಗಾಡೀ ಕಾಯಬಹುದು, ಗಾಡೀ ನಮ್ಮನ್ನ ಕಾಯೂದಿಲ್ಲವ್ವಾ" ಎನ್ನುತ್ತಾನೆ. ಶಾಲೆಯ ಮುಖವನ್ನು ಅವನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಂಡವನು. ಆದರೆ ಈ ಒಂದು ಮಾತಿನಲ್ಲಿ ಅವನು ಪಂಡಿತ.

ಕಳೆದ 2025ರ ನವೆಂಬರಿನಲ್ಲಿ ಅವನನ್ನು ಕಣ್ಣಿನ ಡಾಕ್ಟರರಿಗೆ ತೋರಿಸಲು ನಾನೇ ಕರೆದುಕೊಂಡು ಹೋದೆ. ಕೆಲವು ದಿನಗಳಿಂದ ಅವನು ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿಸಿಕೊಳ್ಳುತ್ತಿದ್ದ. ಅವ್ವ ಎಡಗಡೆಯಿಂದ ಚಹದ ಕಪ್ಪು ಚಾಚಿದರೆ ಕಾಣದೆ ಕೈ ಬೀಸಿ ಚೆಲ್ಲುತ್ತಿದ್ದ. ಪಕ್ಕದಿಂದ ಬಂದ ಎತ್ತಿನ ಕೊಂಬು ಒಮ್ಮೆ ಕಿವಿಯ ಹತ್ತಿರ ಹಾದುಹೋಯಿತು. ಕೇಳಿದರೆ, "ಪೊರಿ ಬಂದೈತಿ, ಬಲೀಲಿ, ತಗಸಿದ್ರಾತು" ಎನ್ನುತ್ತಿದ್ದ.

ಅವನ ಈ ಧೈರ್ಯಕ್ಕೂ ಒಂದು ಹಿನ್ನೆಲೆಯಿದೆ. ಅವನ ತಾಯಿ, ಎಂದರೆ ನಮ್ಮ ಆಯಿ, ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆಸಿಕೊಂಡವಳು. ಬೀಳಗಿಯ ಮೋದಿಯವರು 2005ರಲ್ಲಿ ತೀರಿಕೊಂಡರು. ಊರೂರು ತಿರುಗಿ ಶಿಬಿರ ಹಾಕಿ, ಲಕ್ಷಗಟ್ಟಲೆ ಬಡವರಿಗೆ ಕಣ್ಣು ಕೊಟ್ಟ ಪುಣ್ಯಾತ್ಮರು ಎಂದು ನಮ್ಮ ಕಡೆಯ ಹಿರಿಯರು ಇಂದಿಗೂ ಕೈಮುಗಿಯುತ್ತಾರೆ. ಆಗ ಡಾಕ್ಟರರೇ ಜನರಿದ್ದಲ್ಲಿಗೆ ಬರುತ್ತಿದ್ದರು. ಪಟ್ಟಿ ಬಿಚ್ಚಿದ ದಿನ ಆಯಿ ಮೊದಲು ಗುರುತು ಹಿಡಿದದ್ದು ನಮ್ಮಪ್ಪನ ಮುಖವನ್ನಂತೆ. ಹೀಗಾಗಿ ಕಣ್ಣಿನ ರೋಗವೆಂದರೆ ಪೊರೆ, ಪೊರೆಯೆಂದರೆ ಒಂದು ದಿನದ ಕೆಲಸ ಎಂಬುದು ನಮ್ಮ ಮನೆಯ ಶಾಸ್ತ್ರವಾಗಿಬಿಟ್ಟಿತ್ತು.

ಆ ದಿನವೂ ವಸ್ತಿ ಬಸ್ಸಿಗೇ ಹೊರಟೆವು. ಅವ್ವ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿದ್ದಳು. ಅಪ್ಪನಿಗೆ ಪೂರ್ಣ ಟಿಕೇಟು, ನನಗೆ ಶೂನ್ಯ ಟಿಕೇಟು. ಡಂಬಳದ ಹತ್ತಿರ ಬಂದಾಗ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಸಿಲಿಗೆ ಹೊಳೆಯುತ್ತಿದ್ದವು. "ಅಪ್ಪಾ, ಗುಡ್ಡ ಕಾಣತೈತೇನು?" ಎಂದೆ. "ಗುಡ್ಡಾ ಕಾಣಲಾರದ ಹೆಂಗವಾ?" ಎಂದು ನಕ್ಕ. ಎದುರಿನದು ಅವನಿಗೆ ಕಾಣುತ್ತಿತ್ತು. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲವೆಂದು ನನಗಿನ್ನೂ ಗೊತ್ತಿರಲಿಲ್ಲ.

ನಾವು ದವಾಖಾನೆ ಮುಟ್ಟಿದಾಗ ಚೀಟಿ ಕೊಡುವ ಕಿಟಕಿ ಮುಚ್ಚಿತ್ತು. ಆದರೆ ಅದರ ಮುಂದೆ ಆಗಲೇ ಹದಿನೈದು ಜನರ ಪಾಳಿ. ಜನರಲ್ಲ, ಚೀಲಗಳ ಪಾಳಿ ಎನ್ನಬೇಕು. ನೆಲದ ಮೇಲೆ ಚೀಲ, ಚಪ್ಪಲಿ, ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟು ಒಡೆಯರು ಗೋಡೆಗೆ ಒರಗಿ ಕುಳಿತಿದ್ದರು. ಲಕ್ಷ್ಮೇಶ್ವರದ ಕಡೆಯ ಒಬ್ಬ ಮುದುಕಿ ಹಿಂದಿನ ಸಂಜೆಯೇ ಬಂದು ಬೆಟಗೇರಿಯಲ್ಲಿ ನೇಕಾರ ಬೀಗರ ಮನೆಯಲ್ಲಿ ಇಳಿದುಕೊಂಡಿದ್ದಳು. ಬೆಳಗಿನ ಜಾವಕ್ಕೇ ಮಗ್ಗದ ಸಪ್ಪಳ ಎಬ್ಬಿಸಿತೆಂದು ಹೇಳಿದಳು. ಶಿರಹಟ್ಟಿಯ ಕಡೆಯ ಒಬ್ಬ ರೈತ ತನ್ನ ಹೊಲದ ಉಳ್ಳಾಗಡ್ಡಿಯ ಧಾರಣೆಯನ್ನೂ ತಂದೆಯ ಕಣ್ಣನ್ನೂ ಒಂದೇ ಉಸಿರಿನಲ್ಲಿ ವಿವರಿಸಿದ. "ನಿಮ್ಮದೂ ವಸ್ತಿ ಗಾಡ್ಯೇನ್ರೀ?" ಎಂದು ಅವನು ಕೇಳಿದಾಗ ಅಪ್ಪನ ಮುಖ ಅರಳಿತು. ಜಾತಿ ಕೇಳಲಿಲ್ಲ, ಊರಿನ ಗೌಡರ ಹೆಸರು ಕೇಳಲಿಲ್ಲ. ವಸ್ತಿ ಗಾಡಿಯೆಂಬ ಒಂದೇ ಮಾತಿಗೆ ಇಬ್ಬರೂ ನಂಟರಾದರು. ಬೇಗ ಬಂದವರದ್ದೇ ಒಂದು ಕುಲವಿದೆಯೆಂದು ನಾನು ಅಂದು ಕಂಡೆ. ಅವರು ಬೇಗ ಬರುವುದು ಹುರುಪಿನಿಂದಲ್ಲ, ಅಂಜಿಕೆಯಿಂದ.

ಚೀಟಿ ಸಿಕ್ಕಿತು. ಪಾಳಿ ಬಂತು. ಡಾಕ್ಟರರು ಕಣ್ಣಿಗೆ ಹನಿ ಹಾಕಿ, ಯಂತ್ರದ ಮುಂದೆ ಕೂಡಿಸಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಅವರು ಮಾತಾಡದೆ ಇದ್ದಷ್ಟು ನನ್ನ ಎದೆ ಹೊಡೆದುಕೊಳ್ಳತೊಡಗಿತು. ಆಮೇಲೆ ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿ ಒಂದು ಬಟ್ಟಲಿನಂಥ ಯಂತ್ರ. ಅದರಲ್ಲಿ ಮುಖವಿಟ್ಟು, ಅಲ್ಲಲ್ಲಿ ಮೂಡುವ ಬೆಳಕಿನ ಚುಕ್ಕೆ ಕಂಡಾಗೊಮ್ಮೆ ಕೈಯಲ್ಲಿನ ಗುಂಡಿ ಒತ್ತಬೇಕು. ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ಬಲಗಣ್ಣಿನ ಪರೀಕ್ಷೆಯಲ್ಲಿ ಗುಂಡಿಯ ಟಿಕ್ ಟಿಕ್ ಕೇಳುತ್ತಿತ್ತು. ಎಡಗಣ್ಣಿಗೆ ಬಂದಾಗ ಸದ್ದು ನಿಂತಿತು. ಒಂದು ಟಿಕ್, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಪ್ಪ ಗುಂಡಿ ಒತ್ತುವುದನ್ನು ಮರೆತನೇನೋ ಎಂದುಕೊಂಡೆ. ಮರೆತಿರಲಿಲ್ಲ. ಚುಕ್ಕೆಗಳು ಮೂಡುತ್ತಲೇ ಇದ್ದವು, ಅವನಿಗೆ ಕಾಣುತ್ತಿರಲಿಲ್ಲ.

"ಪೊರೆಯಲ್ಲ, ಗ್ಲಾಕೋಮಾ" ಎಂದರು ಡಾಕ್ಟರರು. ಕಾಗದದ ಮೇಲೆ ಚಿತ್ರ ಬರೆದು ನನಗೆ ತಿಳಿಸಿ ಹೇಳಿದರು. ಪೊರೆಯಲ್ಲಿ ಕಣ್ಣಿನೊಳಗಿನ ಮಸೂರ ಮಂಜಾಗುತ್ತದೆ. ಅದನ್ನು ತೆಗೆದು ಬೇರೆಯದನ್ನು ಕೂಡಿಸಿದರೆ ನೋಟ ಮರಳುತ್ತದೆ. ಇದು ಹಾಗಲ್ಲ. ಇವನ ಕಣ್ಣಿನೊಳಗಿನ ಒತ್ತಡ ಹೆಚ್ಚಿ, ನೋಟವನ್ನು ಮಿದುಳಿಗೆ ಒಯ್ಯುವ ನರ ಸವೆದಿದೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಮೊದಲು ಹೋಗುವುದು ಬದಿಯ ನೋಟ. ಎದುರಿನದು ಕೊನೆಯವರೆಗೆ ಉಳಿದಿರುವುದರಿಂದ ರೋಗಿಗೆ ಏನೂ ತಿಳಿಯುವುದಿಲ್ಲ. ಹೋದ ನೋಟ ಮತ್ತೆ ಬಾರದು. ಉಳಿದದ್ದನ್ನು ಕಾಯುವುದಕ್ಕೆ ಮಾತ್ರ ಔಷಧ.

ಅಪ್ಪನ ಕಡೆಗೆ ತಿರುಗಿ ಅವರು ಮೆಲ್ಲಗೆ ಹೇಳಿದರು: "ಸ್ವಲ್ಪ ತಡಾ ಮಾಡಿ ಬಂದ್ರಿ, ಯಜಮಾನ್ರ."

ಅಪ್ಪ ಗಾಬರಿಯಾದ. ತಡವೆಂಬ ಮಾತನ್ನು ಅವನಿಗೆ ಅದುವರೆಗೆ ಅಂದವರು ಕಡಿಮೆ. "ತಡಾನ? ಬಾಗಲಾ ತಗಿಯೂಕಿಂತ ಮೊದ್ಲ ಬಂದು ಕುಂತೇವ್ರೀ ಸಾಹೇಬ್ರ!"

"ಇವತ್ತಿನ ಮಾತಲ್ರೀ. ಎರಡು ವರ್ಷದ ಹಿಂದ ಬಂದಿದ್ರ ಛಲೋ ಇತ್ತು."

"ಬಂದಿದ್ನ್ರೀ. ಚೀಟಿ ಕೊಡೂದು ಮುಗದಿತ್ತು."

ನಾನು ಅಪ್ಪನ ಮುಖ ನೋಡಿದೆ. ಈ ಸಂಗತಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಯಾವಾಗ ಬಂದಿದ್ರಿ?" ಎಂದರು ಡಾಕ್ಟರರು. ಅಪ್ಪ ನನ್ನ ಕಡೆಗೆ ಕೈ ತೋರಿಸಿ, "ಈಕೀ ಹೆಸರು ಕಾಲೇಜಿಗೆ ಹಚ್ಚಿದ ದಿನಾರೀ" ಎಂದ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. 2023ರ ಜೂನ್ ತಿಂಗಳ ಕೊನೆ. ಶಕ್ತಿ ಯೋಜನೆಯ ಹೊಸತು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವವಳು ನಾನೇ ಮೊದಲಿಗಳು. ಯಾವ ಕಾಗದ ಬೇಕು, ಯಾವುದು ಬೇಡ ಎಂದು ಹೇಳುವವರು ಇರಲಿಲ್ಲ. ನಾನು ಜಾತಿ ಮತ್ತು ಆದಾಯದ ಪ್ರಮಾಣಪತ್ರದ ಝೆರಾಕ್ಸ್ ಮಾಡಿಸುವುದನ್ನು ಮರೆತಿದ್ದೆ. ಪೇಟೆಗೆ ಓಡಿದೆ; ಕರೆಂಟು ಹೋಗಿತ್ತು. ಅದು ಬರುವವರೆಗೆ ಕಾದು, ಮರಳಿ ಬಂದು, ಪಾಳಿಯ ಕೊನೆಗೆ ನಿಂತು ಹೆಸರು ಹಚ್ಚುವಷ್ಟರಲ್ಲಿ ಹನ್ನೆರಡೂವರೆ. ರಸೀದಿ ಕೈಗೆ ಬಂದಾಗ ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಮಡಚಿ ನನಗೇ ಕೊಟ್ಟ. "ನೀ ಊರಿಗೆ ನಡೀಯವ್ವಾ. ನಂದು ಪ್ಯಾಟ್ಯಾಗ ಒಂದೀಟು ಕೆಲಸೈತಿ, ಸಂಜೀ ಗಾಡಿಗೆ ಬರ್ತೇನಿ" ಎಂದ. ಬೀಜದ ಅಂಗಡಿಗೆ ಹೋಗುತ್ತಾನೆಂದು ತಿಳಿದೆ. ಅವನು ಹೋದದ್ದು ದವಾಖಾನೆಗೆ. ಮುಟ್ಟಿದ್ದು ಕಿಟಕಿ ಮುಚ್ಚಿದ ಮೇಲೆ. "ನಾಳಿ ಲಗೂನ ಬರ್ರಿ" ಎಂದರಂತೆ. ನಾಳೆ ಮಳೆ ಬಂತು, ಹೆಸರು ಬಿತ್ತುವ ಹದ. ಆಮೇಲೆ ಹಿಂಗಾರಿಯ ಕಡಲೆ. ಆಮೇಲೆ ನನ್ನ ಪರೀಕ್ಷೆಯ ಫೀಸು. ಆ "ನಾಳೆ" ಬಂದದ್ದು ಎರಡು ವರ್ಷ ಐದು ತಿಂಗಳ ಮೇಲೆ.

ಮರೆತ ಒಂದು ಝೆರಾಕ್ಸಿನಿಂದ ಅಪ್ಪನ ಒಂದು ಕಣ್ಣು ಹೋಯಿತೆಂದು ನಾನು ಹೇಳಿದರೆ ಡಾಕ್ಟರರು ಒಪ್ಪಲಿಕ್ಕಿಲ್ಲ. ರೋಗಕ್ಕೆ ರೋಗದ್ದೇ ಕಾರಣಗಳಿರುತ್ತವೆ. ಅಪ್ಪನೂ ಒಪ್ಪಲಿಲ್ಲ. "ಹುಚ್ಚೀ, ಆ ದಿನಾ ನಂಗ ಎರಡೂ ಕಣ್ಣು ಛಂದ ಕಂಡಾವು. ನಿನ್ನ ರಸೀದಿ ನಾನ ಓದೇನಿ" ಎಂದ. ಆದರೂ ಲೆಕ್ಕ ಹಾಕುವುದನ್ನು ನನ್ನ ಮನಸ್ಸು ಬಿಟ್ಟಿಲ್ಲ. ನಮ್ಮ ಕೆಲಸಗಳಿಗೆಲ್ಲ ತಾಸು ಮುಂಚೆ ಬಂದು ಕಟ್ಟೆಯ ಮೇಲೆ ಕುಳಿತ ಮನುಷ್ಯ, ತನ್ನ ಕೆಲಸವೊಂದಕ್ಕೆ ಮಾತ್ರ ತಡವಾಗಿ ಹೋದ.

ಊರಿಗೆ ಮರಳುವ ಬಸ್ಸಿಗೆ ಹೊತ್ತಿತ್ತು. "ಪುಣ್ಯಾಶ್ರಮಕ್ಕ ಹೋಗಿ ಬರೂಣು" ಎಂದ ಅಪ್ಪ. ವೀರೇಶ್ವರ ಪುಣ್ಯಾಶ್ರಮ ನಮ್ಮ ಓದುಗರಿಗೆ ಹೊಸದಲ್ಲ. 1944ರಲ್ಲಿ ಲಿಂಗೈಕ್ಯರಾದ ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟವರು. ಒಳಗೆ ಯಾರೋ ಹುಡುಗ ಹಾರ್ಮೋನಿಯಂ ಹಿಡಿದು ಸರಿಗಮ ಸಾಧಿಸುತ್ತಿದ್ದ, ಒಂದೇ ಕಡೆಗೆ ತಪ್ಪುತ್ತಿದ್ದ, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದ. ಅಪ್ಪ ಬಹಳ ಹೊತ್ತು ಕೇಳಿ, "ಹೋದದ್ದು ಹೋತು, ಇದ್ದದ್ದು ಜ್ವಾಕಿ ಮಾಡೂಣು" ಎಂದು ಎದ್ದ. ಡಾಕ್ಟರರು ಹೇಳಿದ್ದೂ ಅದನ್ನೇ.

ಈಗ ಅಪ್ಪನಿಗೆ ದಿನಕ್ಕೆ ಎರಡು ಸಲ ಹನಿ ಹಾಕಬೇಕು, ಹನ್ನೆರಡು ತಾಸಿಗೊಮ್ಮೆ. ಗಡಿಯಾರ ಬೇಡವೆಂದ. ಮುಂಜಾನೆ ವಸ್ತಿ ಬಸ್ಸು ಹೊರಡುವ ಮುಂಚೆ ಒಂದು ಹನಿ, ಸಂಜೆ ಅದು ಬಂದು ನಿಂತಾಗ ಇನ್ನೊಂದು. ನಮ್ಮ ಅವ್ವ ಬಸ್ಸಿನ ಹಾರ್ನು ಕೇಳಿದ ಕೂಡಲೇ ಬಾಟಲಿ ಹಿಡಿದು ಬರುತ್ತಾಳೆ. ಬಸ್ಸು ತಡವಾದ ದಿನ ಔಷಧವೂ ತಡವಾಗಬಾರದೆಂದು ನನ್ನ ಮೊಬೈಲಿನಲ್ಲಿ ಗಂಟೆ ಇಟ್ಟಿದ್ದೇನೆ. ತಂದೆಗೆ ಈ ರೋಗವಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು ಎಂದು ತಿಳಿದಮೇಲೆ ನಾನೂ ತಮ್ಮನೂ ಪರೀಕ್ಷೆ ಮಾಡಿಸಿಕೊಂಡೆವು.

ಗೆಳೆಯ ಗೆಳತಿಯರೇ, ನಿಮ್ಮ ಮನೆಯಲ್ಲಿ ನಲವತ್ತು ದಾಟಿದವರಿದ್ದರೆ, ಬಾಗಿಲಿಗೆ ಭುಜ ತಾಗುವುದನ್ನು ಕಾಯಬೇಡಿರಿ. "ಏನೂ ಆಗಿಲ್ಲ" ಎಂದು ಅವರು ಹೇಳುತ್ತಾರೆ. ಆ ಮಾತನ್ನು ನಂಬಬೇಡಿರಿ. ಅವರ ಹೊತ್ತೆಲ್ಲ ನಮ್ಮ ಪಾಳಿಯಲ್ಲಿ ನಿಂತು ಮುಗಿದಿರುತ್ತದೆ.

ಮುಂದಿನ ತಪಾಸಣೆಯ ತಾರೀಖು ನಮ್ಮ ಕಿರು ಪರೀಕ್ಷೆಯ ದಿನವೇ ಬಂತು. ಹೋದ ವಾರ ನಮ್ಮ ಗುರುಗಳಿಗೆ ರಜೆಯ ಅರ್ಜಿ ಕೊಟ್ಟೆ. ಕಾರಣ ಎಂಬಲ್ಲಿ "ತಂದೆಯವರ ಕಣ್ಣು" ಎಂದಷ್ಟೇ ಬರೆದಿದ್ದೆ. ಅವರು ಓದಿ, "ಪರೀಕ್ಷೆಯನ್ನು ಮರುದಿನ ಬರೆಯಿರಿ. ಅಂದು ಯಾವ ಬಸ್ಸಿಗೆ ಹೋಗುತ್ತೀರಿ?" ಎಂದು ಕೇಳಿದರು.

"ವಸ್ತಿ ಬಸ್ಸಿಗೆ ಸರ್" ಎಂದೆ.